ಸ್ಪಷ್ಟನೆ: ದವಡೆ ನೋವು ಹುಚ್ಚಿನ ಲಕ್ಷಣವಲ್ಲ

‘ಬಸ್ ನಿಲ್ದಾಣದಲ್ಲಿ ಮಲಗುವವರು ಹಲ್ಲು ಕಡಿಯುತ್ತ ದವಡೆ ಹಿಡಿದುಕೊಂಡಿದ್ದರೆ ಅದು ಹುಚ್ಚು, ಹತ್ತಿರ ಹೋಗಬೇಡಿ’ ಎಂಬ ಸಂದೇಶ ಮಡಿಕೇರಿ, ಕುಶಾಲನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕಿವಿಯ ಮುಂದಿರುವ ದವಡೆಯ ಕೀಲಿನಲ್ಲಿ, ಅದರ ಸ್ನಾಯುಗಳಲ್ಲಿ ನೋವು ಬರುವುದು ಸಾಮಾನ್ಯ ತೊಂದರೆ. ಮನೆ ಇದ್ದವರಿಗೂ ಬರುತ್ತದೆ. ಆತಂಕ, ಖಿನ್ನತೆ, ನಿದ್ದೆಗೇಡು ಅದನ್ನು ಹೆಚ್ಚಿಸುತ್ತವೆ. ನೋವು ಮತ್ತೆ ನಿದ್ದೆ ಕೆಡಿಸಿ ಮನಸ್ಸನ್ನು ಕುಗ್ಗಿಸುತ್ತದೆ. ನಮ್ಮ ಮಳೆಗಾಲದ ಚಳಿಯಲ್ಲಿ, ಸಿಮೆಂಟ್ ನೆಲದ ಮೇಲೆ, ಯಾರು ಬಂದು ಎಬ್ಬಿಸುತ್ತಾರೋ ಎಂಬ ಭಯದಲ್ಲೇ ಮಲಗುವವರಿಗೆ ಇದರಿಂದ ಹೊರಬರುವುದು ಎಷ್ಟು ಕಷ್ಟ, ಯೋಚಿಸಿ. ಹುಳುಕು ಹಲ್ಲು, ಕೀವು, ಹಳೆಯ ಪೆಟ್ಟು ಕೂಡ ಕಾರಣ ಇರಬಹುದು.

ನಿಜವಾಗಿಯೂ ಮಾನಸಿಕ ಕಾಯಿಲೆ ಇದ್ದರೆ ಬೇಕಾದ್ದು ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಮನೆ ಇಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416.

ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಕಂಡರೆ ಹೃದಯಾಘಾತ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ‘ಹತ್ತಿರ ಹೋಗಬೇಡಿ’ ಎಂಬ ಮಾತು ಅಂಥ ಹೊತ್ತಿನಲ್ಲಿ ಜೀವವನ್ನೇ ತೆಗೆಯಬಹುದು. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ, ಕಳಿಸಿದ್ದರೆ ಅಳಿಸಿ.