ಹಸಿದವರಿಗೆ ಜಾತಿ ಸಂಘ ಇಲ್ಲ

ಪ್ರಜಾಪ್ರಭುತ್ವ ಇದ್ದಲ್ಲಿ ದೊಡ್ಡ ಕ್ಷಾಮ ಬರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹೇಳಿದ್ದು ಬಹಳ ಜನರಿಗೆ ಗೊತ್ತು. 1943ರಲ್ಲಿ ಬ್ರಿಟಿಷರ ಆಳ್ವಿಕೆಯ ಬಂಗಾಳದಲ್ಲಿ ಇಪ್ಪತ್ತು, ಮೂವತ್ತು ಲಕ್ಷ ಜನ ಸತ್ತರು. ಸ್ವಾತಂತ್ರ್ಯ ಬಂದ ಮೇಲೆ ಅಷ್ಟು ದೊಡ್ಡದು ಮತ್ತೆ ನಡೆದಿಲ್ಲ. ಓಟು ಕೇಳಲು ಬರಬೇಕಾದವರು ಊರಿಗೆ ಊರೇ ಸಾಯಲು ಬಿಡುವುದಿಲ್ಲ. ಆದರೆ ದಿನನಿತ್ಯದ ಅರೆಹೊಟ್ಟೆ ಸುದ್ದಿಯಾಗುವುದಿಲ್ಲ, ಅದನ್ನು ಪ್ರಜಾಪ್ರಭುತ್ವವೂ ಸಹಿಸಿಕೊಂಡುಬಿಡುತ್ತದೆ ಅಂತ ಅವರೇ ಹೇಳಿದ್ದು ಯಾರಿಗೂ ನೆನಪಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ.

ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ನೋಡಿದ್ದೀರಾ? ಬೆರಳ ತುದಿ ಸವೆದು ನುಣ್ಣಗಾಗಿರುತ್ತದೆ. ರೇಷನ್ ಅಂಗಡಿಯಲ್ಲಿ ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾಳೆ, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. "ತಗೋವಲ್ದು ಯವ್ವಾ, ನಾಳಿ ಬಾ" ಅಂತಾರೆ. ನಾಳೆ ಬಂದರೆ ಅವಳ ಆ ದಿನದ ಕೂಲಿ ಹೋಯಿತು. ಆ ಸಾಲಿನಲ್ಲಿ ಲಂಬಾಣಿ ತಾಂಡಾದವರು, ಮುಸ್ಲಿಮರು, ಕುರುಬರು, ದಲಿತರು, ಲಿಂಗಾಯತರು ಎಲ್ಲರೂ ಇರುತ್ತಾರೆ. ಓಟಿನ ಲೆಕ್ಕಕ್ಕೆ ಬಂದಾಗ ಇವರೆಲ್ಲ ಬೇರೆ ಬೇರೆ. ಹಸಿದವರು ಅಂತ ಒಂದು ಸಮಾಜ ಇಲ್ಲ, ಅವರಿಗೊಂದು ಸಂಘ ಇಲ್ಲ, ಅವರ ಪರವಾಗಿ ಟಿಕೆಟ್ ಕೇಳುವವರೂ ಇಲ್ಲ. ನನ್ನ ತಕರಾರು ಇಷ್ಟೇ.

ಬೇರೆ ಬೇರೆ ಬುಡಕಟ್ಟುಗಳಿರುವ ಬಡ ದೇಶಗಳಲ್ಲಿ ಬಡವರು ಹೀಗೆ ಓಟಿಗಾಗಿ ಒಡೆಯುವುದು ರಕ್ತಪಾತಕ್ಕೂ ಹೋಗುತ್ತದೆ. ಕೀನ್ಯಾದಲ್ಲಿ 2007ರ ಡಿಸೆಂಬರ್ ಚುನಾವಣೆಯ ಫಲಿತಾಂಶದ ಮೇಲೆ ಜಗಳ ಹತ್ತಿತು. ಕಿಕುಯು, ಕಲೆಂಜಿನ್, ಲುವೊ ಎಂದು ಜನ ಒಡೆದರು. ಒಳಗೆ ಹೊಗೆಯಾಡುತ್ತಿದ್ದದ್ದು ಭೂಮಿ ಮತ್ತು ಬಡತನದ ಸಿಟ್ಟು. ಸಾವಿರಕ್ಕೂ ಜಾಸ್ತಿ ಜನ ಸತ್ತರು, ಸುಮಾರು ಆರು ಲಕ್ಷ ಜನ ಮನೆ ಬಿಟ್ಟರು. ಆ ದೇಶಕ್ಕೆ ಮೆಕ್ಕೆಜೋಳ ಬೆಳೆದುಕೊಡುವ ರಿಫ್ಟ್ ಕಣಿವೆಯೇ ಹೊತ್ತಿ ಉರಿಯಿತು. ಆಮೇಲೆ 2010ರ ಹೊಸ ಸಂವಿಧಾನದಲ್ಲಿ ಹಸಿವಿನಿಂದ ಮುಕ್ತರಾಗಿರುವುದು ಪ್ರತಿಯೊಬ್ಬರ ಹಕ್ಕು ಎಂದು ಬರೆದುಕೊಂಡರು. ಯಾವ ಬುಡಕಟ್ಟು ಅಂತ ಅದು ಕೇಳುವುದಿಲ್ಲ.

ನಮ್ಮಲ್ಲೂ 2013ರ ಆಹಾರ ಭದ್ರತಾ ಕಾಯ್ದೆ ಇದೆ. ಕಾರ್ಡಿನಲ್ಲಿರುವ ಸಾಮಾನ್ಯ ಕುಟುಂಬಕ್ಕೆ ತಲೆಗೆ ಐದು ಕೆಜಿ ಧಾನ್ಯ ಅದು ಕೊಡುವ ಹಕ್ಕು. ಧಾನ್ಯ ಸಿಗದಿದ್ದರೆ ಸರ್ಕಾರ ಭತ್ಯೆ ಕೊಡಬೇಕು ಅಂತಲೂ ಅದರಲ್ಲಿದೆ. ರೇಷನ್ ಅಂಗಡಿ ಮಟ್ಟದಲ್ಲೂ ಹಂಚಿಕೆಯ ಮೇಲೆ ಕಣ್ಣಿಡುವ ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ದಲಿತರು, ಹೆಣ್ಣುಮಕ್ಕಳು ಇರಲೇಬೇಕು. ಇದನ್ನು ಯಾರೂ ನಮಗೆ ದಾನ ಕೊಟ್ಟಿದ್ದಲ್ಲ.

ಆದರೂ ಚುನಾವಣೆ ಬಂದಾಗ ನಾವು ಕೇಳುವುದೇನು? ನಮ್ಮ ಸಮಾಜಕ್ಕೊಂದು ಸಮುದಾಯ ಭವನ. ಈ ಸಲ ಬಂದವರನ್ನು ಹೆಬ್ಬೆಟ್ಟು ಬಾರದವರ ಅಕ್ಕಿ ಏನಾಯಿತು ಅಂತ ಕೇಳೋಣ. ನಿಮ್ಮ ಓಣಿಯ ಜಾಗೃತಿ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಆಗುತ್ತದಾ? ಗೊತ್ತಿದ್ದವರು ಕೆಳಗೆ ಬರೆಯಿರಿ.