ಮಾನಸಿಕ ಕಾಯಿಲೆ ದಾಟಿ ಬಂದವರಿಗೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಾರರಾಗಿ ಕೆಲಸ ಕೊಡಬೇಕೇ?

ಪರ

ನಾನು ಹನ್ನೊಂದು ವರ್ಷದಿಂದ ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ವಿಪರೀತ ಉಬ್ಬುತ್ತದೆ, ಒಮ್ಮೆ ತೀರಾ ಕುಗ್ಗುತ್ತದೆ) ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಸಲ ಹೋದಾಗ ಡಾಕ್ಟರು ಮಲಯಾಳದಲ್ಲಿ ಕೇಳಿದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕನ್ನಡ ಮಾತಾಡುತ್ತಾ ಬೆಳೆದ ನನಗೆ ಮೀನು ಕೊಳ್ಳುವಷ್ಟು, ಬಸ್ಸು ಕೇಳುವಷ್ಟು ಮಲಯಾಳ ಬರುತ್ತದೆ. ಆದರೆ ತಲೆಯೊಳಗೆ ಯೋಚನೆಗಳು ಓಡುತ್ತಲೇ ಇರುತ್ತವೆ, ನಿಲ್ಲುವುದೇ ಇಲ್ಲ ಅನ್ನುವುದನ್ನು ಹೇಗೆ ಹೇಳಲಿ? "ನಿದ್ದೆ ಇಲ್ಲ" ಎಂದಷ್ಟೇ ಹೇಳಿ ಎದ್ದು ಬಂದೆ.

ಆ ದಿನ ಹೊರಗಿನ ಬೆಂಚಿನಲ್ಲಿ ಇದೇ ಕಾಯಿಲೆ ದಾಟಿದ, ನಮ್ಮ ಕನ್ನಡ ಮಾತಾಡುವ ಒಬ್ಬರು ಇರಬೇಕಿತ್ತು. ಕೈ ನಡುಗಿದರೆ ಹೆದರಿ ಮಾತ್ರೆ ಬಿಡಬೇಡ, ಡಾಕ್ಟರಿಗೆ ತಿಳಿಸು, ರಕ್ತ ಪರೀಕ್ಷೆ ತಪ್ಪಿಸಬೇಡ ಅಂತ ಹೇಳುತ್ತಿದ್ದರು. ಅಮ್ಮನಿಗಂತೂ ಚೆನ್ನಾಗಾದ ಒಬ್ಬರನ್ನು ಕಣ್ಣಾರೆ ನೋಡಿದ್ದರೆ ಸಾಕಿತ್ತು.

ಇದು ಹೊಸ ಯೋಚನೆ ಅಲ್ಲ. ಕುಡಿತ ಬಿಡುವವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು ಇಬ್ಬರು ಕುಡುಕರು ಪರಸ್ಪರ ಮಾತಾಡಿದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಜೊತೆಗಾರರ ಬೆಂಬಲಕ್ಕೇ ಕೈಪಿಡಿ ಹೊರತಂದಿದೆ. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಎಷ್ಟು ಒಂಟಿ ಅಂತ ಗೊತ್ತಾಯಿತು. ಹತ್ತಿರದಲ್ಲಿ ಒಬ್ಬರು ಬೇಕು. ಸುಮ್ನೆ ಸೇವೆ ಅಂತ ಅಲ್ಲ, ಸಂಬಳ ಕೊಟ್ಟು.

ವಿರೋಧ

ಇಷ್ಟು ಬರೆದ ಮೇಲೂ ಆ ಬೆಂಚಿನಲ್ಲಿ ನಾನು ಕೂರುತ್ತೇನಾ ಎಂದು ಕೇಳಿದರೆ, ಇಲ್ಲ.

ಒಮ್ಮೆ ಪರಿಚಯದವರೊಬ್ಬರು "ನಾನು ಮಾತ್ರೆ ಬಿಟ್ಟೆ, ಏನೂ ಆಗಲಿಲ್ಲ, ನೀನೂ ಬಿಡು" ಅಂದರು. ಅವರಿಗೂ ಇದೇ ಕಾಯಿಲೆ. ಅದಕ್ಕೇ ಡಾಕ್ಟರಿಗಿಂತ ಜಾಸ್ತಿ ಅವರನ್ನು ನಂಬಿದೆ. ತಿಂಗಳು ಮುಗಿಯುವ ಮೊದಲೇ ಅಣ್ಣ ನನ್ನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅನುಭವ ಒಂದೇ ಆದರೂ ದೇಹ ಬೇರೆ ಬೇರೆ ಅಲ್ವಾ?

ಇನ್ನೊಂದು ಸಲ ಒಬ್ಬ ಹುಡುಗ ಸಾಯುವ ಮಾತಾಡಿದ. ಎರಡು ಗಂಟೆ ಕೇಳಿದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವನು ಈಗ ಚೆನ್ನಾಗಿದ್ದಾನೆ. ಆದರೆ ನನಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ನಿದ್ದೆ ಹೋಗುವುದೇ ನನ್ನ ಕಾಯಿಲೆ ಮರಳುವ ಮೊದಲ ಗುರುತು.

ಊರೂ ಸಣ್ಣದು. 2017ರ ಮಾನಸಿಕ ಆರೋಗ್ಯ ಕಾನೂನಿನ 23ನೇ ಸೆಕ್ಷನ್ ಗುಟ್ಟು ಕಾಯುವ ಹೊಣೆಯನ್ನು ಆರೋಗ್ಯ ವೃತ್ತಿಪರರ ಮೇಲೆ ಹೊರಿಸಿದೆ. ಜೊತೆಗಾರರ ಮಾತು ಅಲ್ಲಿಲ್ಲ. ಹೆಣ್ಣುಮಗಳ ಮದುವೆ ಮಾತುಕತೆ ನಡೆಯುತ್ತಿರುವ ಮನೆಯವರು ಯಾರನ್ನು ನಂಬಿ ಬಾಯಿ ಬಿಡಬೇಕು?

ಮುಖ್ಯವಾಗಿ, ಕನ್ನಡ ಬರುವ ಕೌನ್ಸೆಲರ್ ಇಲ್ಲದ ಕೊರತೆಯನ್ನು ನಮ್ಮಂಥವರನ್ನು ಕೂರಿಸಿ ಮುಚ್ಚಿಬಿಡುತ್ತಾರೆ ಅನ್ನುವ ಭಯ ನನಗಿದೆ. 1969ರ ಕೇರಳದ ಭಾಷಾ ಕಾನೂನು ಸರಕಾರಕ್ಕೆ ಕನ್ನಡದಲ್ಲೇ ಅರ್ಜಿ ಬರೆಯುವ ಅವಕಾಶವನ್ನು ನಮಗೆ ಕೊಟ್ಟಿತು. ಅದೇ ಸರಕಾರದ ಆಸ್ಪತ್ರೆಯಲ್ಲಿ ನನ್ನ ಅಮ್ಮ ಇವತ್ತಿಗೂ ಕೈಸನ್ನೆಯಲ್ಲಿ ಮಾತಾಡುತ್ತಾಳೆ. ಮೊದಲು ಆ ಕೌನ್ಸೆಲರ್ ಬರಲಿ.