ಮಿಷನ್ ತಾನೇ ಕೊರೆಯಲ್ಲ ಸ್ವಾಮಿ

ಬೆಳಿಗ್ಗೆ ನಮ್ಮ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹೋಟೆಲ್‌ನಲ್ಲಿ ಪಕ್ಕದ ಟೇಬಲ್‌ನವರು ಜೋರಾಗಿ ಹೇಳುತ್ತಿದ್ದರು: "ಬೆಂಗಳೂರು ಮೆಟ್ರೋ ಸುರಂಗಕ್ಕೆ ಇಷ್ಟು ವರ್ಷ ಬೇಕಾ? ಮಿಷನ್ ತಾನೇ ಕೊರೆಯುತ್ತೆ, ಇವರು ಸುಮ್ನೆ ಕೂತು ಸಂಬಳ ಎಣಿಸ್ತಾರೆ." ನನಗೆ ಮೈ ಉರಿದುಹೋಯಿತು. ನನ್ನ ತಮ್ಮ ಅದೇ ಸುರಂಗದಲ್ಲಿ ಸರ್ವೇ ಕೆಲಸ ಮಾಡಿದವನು.

ಡೇರಿ ಸರ್ಕಲ್ ಕಡೆಯಿಂದ ನಾಗವಾರದವರೆಗೆ ಹೋಗುವ, ಮತ್ತೆ ಬರುವ ಎರಡೂ ಸುರಂಗ ಸೇರಿ ಸುಮಾರು 21 ಕಿಲೋಮೀಟರ್. ಕೊರೆದಿದ್ದು 9 ಯಂತ್ರಗಳು. ಅದರಲ್ಲಿ ಎರಡರ ಹೆಸರು ತುಂಗಾ, ಭದ್ರಾ. ನಮ್ಮ ಗಂಗಾಮೂಲದಲ್ಲಿ ಹುಟ್ಟುವ ನದಿಗಳು! ಕೊನೆಗೆ ಭದ್ರಾ ನಾಗವಾರದಲ್ಲಿ ಹೊರಬಂದಿದ್ದು 2024ರ ಅಕ್ಟೋಬರ್ 30ಕ್ಕೆ. ಅವತ್ತು ನಮ್ಮ ಮನೆಯಲ್ಲಿ ಸಿಹಿ ಮಾಡಿದ್ದೆವು.

ತೋಟದಲ್ಲಿ ಬೋರ್ ಹಾಕಿಸಿದವರಿಗೆ ಗೊತ್ತು, ಇಲ್ಲಿ ಮೆತ್ತನೆ ಮಣ್ಣು ಸಿಕ್ಕರೆ ಹತ್ತು ಅಡಿ ಆಚೆ ಬಂಡೆ. ಬೆಂಗಳೂರಿನ ನೆಲವೂ ಹಾಗೇ. ಎಷ್ಟೋ ಕಡೆ ಯಂತ್ರದ ಮುಖದ ಕೆಳಭಾಗಕ್ಕೆ ಗಟ್ಟಿ ಕಲ್ಲು ಸಿಕ್ಕರೆ, ಮೇಲ್ಭಾಗಕ್ಕೆ ಸಡಿಲ ಮಣ್ಣು. ಕಲ್ಲು ಅರೆಯುವಷ್ಟರಲ್ಲಿ ಮೇಲಿನ ಮಣ್ಣು ಜಾಸ್ತಿ ಒಳಗೆ ಬಂದುಬಿಟ್ಟರೆ ಮೇಲಿರುವ ರಸ್ತೆ, ಮನೆ ಕುಸಿಯುತ್ತವೆ. ಅದಕ್ಕೇ ಆ ಮಣ್ಣನ್ನು ತಡೆದು ಹಿಡಿಯುವ ಯಂತ್ರದೊಳಗಿನ ಒತ್ತಡವನ್ನು ಪ್ರತಿ ಕ್ಷಣ ನೋಡುತ್ತಿರಬೇಕು. ಮೇಲೆ ಕಟ್ಟಡಗಳಿಗೆ ಗುರುತು ಅಂಟಿಸಿ, ಅವು ಒಂದೆರಡು ಮಿಲಿಮೀಟರ್ ಇಳಿದರೂ ಅಳೆಯುವವರು ನನ್ನ ತಮ್ಮನಂಥವರು. ಯಂತ್ರ ಸ್ವಲ್ಪ ಮುಂದೆ ಹೋದ ಮೇಲೆ ನಿಲ್ಲಿಸಿ, ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಒಂದು ಬಳೆ ಕಟ್ಟಬೇಕು. ಆ ಬಳೆಗೇ ಜ್ಯಾಕ್ ಕೊಟ್ಟು ಯಂತ್ರವನ್ನು ಮತ್ತೆ ಮುಂದೆ ತಳ್ಳಬೇಕು. ಹೀಗೆ ಒಂದೊಂದೇ ಬಳೆ.

ಕಲ್ಲಿಗೆ ಉಜ್ಜಿ ಉಜ್ಜಿ ಯಂತ್ರದ ಮುಖದಲ್ಲಿರುವ ಕಟರ್, ಅಂದರೆ ಕಲ್ಲು ಅರೆಯುವ ಉಕ್ಕಿನ ಚಕ್ರ, ಸವೆಯುತ್ತದೆ. ಒಂದೊಂದೂ ನೂರು ಕೆಜಿಗೂ ಜಾಸ್ತಿ. ನೆಲ ಸಡಿಲ ಇರುವ ಕಡೆ ಅದನ್ನು ಬದಲಿಸಲು ಮನುಷ್ಯರೇ ಒತ್ತಡದ ಗಾಳಿ ತುಂಬಿದ ಇಕ್ಕಟ್ಟಿನ ಕೋಣೆಗೆ ನುಗ್ಗಬೇಕು. ಆಮೇಲೆ ತಕ್ಷಣ ಹೊರಬರುವ ಹಾಗಿಲ್ಲ. ಆಳ ಸಮುದ್ರದಲ್ಲಿ ಮುಳುಗು ಹಾಕುವವರ ಥರ, ಒತ್ತಡವನ್ನು ನಿಧಾನವಾಗಿ ಇಳಿಸಿಕೊಂಡೇ ಬರಬೇಕು. ಇದು ಸುಮ್ನೆ ಕೂರುವುದಾ?

ಕೆಲಸ ತಡವಾಯಿತು, ಜನ ರಸ್ತೆಯ ಧೂಳು ಕುಡಿದರು, ಒಪ್ಪುತ್ತೇನೆ. ಆ ಸಿಟ್ಟನ್ನು ಕಾಗದ ಹಿಡಿದು ಕೂತವರ ಮೇಲೆ ತೋರಿಸಿ. ಕೆಳಗೆ ಇಳಿದವರ ಮೇಲೆ ಯಾಕೆ? ನನ್ನ ತಮ್ಮ ಹಬ್ಬಕ್ಕೂ ಊರಿಗೆ ಬರಲಾಗದೆ ಫೋನ್‌ನಲ್ಲೇ ಅಮ್ಮನ ಜೊತೆ ಮಾತಾಡಿದ್ದಾನೆ. ಅವನ ಜೊತೆ ಬೇರೆ ಬೇರೆ ರಾಜ್ಯದಿಂದ ಬಂದ ಎಷ್ಟೋ ಹುಡುಗರಿದ್ದರು. ಅವರ ಮನೆಯಲ್ಲೂ ಇದೇ ಕಥೆ.

ಯಂತ್ರಗಳಿಗೆ ನದಿಯ ಹೆಸರಿಟ್ಟಿದ್ದು ಬಹಳ ಖುಷಿ. ನಾಗವಾರ ನಿಲ್ದಾಣದ ಗೋಡೆಯ ಮೇಲೆ ಆ ಹುಡುಗರ ಹೆಸರನ್ನೂ ಬರೆಸಿ. ಹತ್ತುವವರು, ಇಳಿಯುವವರು ಎಲ್ಲರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.